ಕೆಲಸದ ಹುಡುಗಿಯೂ ಕಾದಂಬರಿ ಓದಿದಳಂತೆ!

18ನೇ ಶತಮಾನದ ಇಂಗ್ಲೆಂಡಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು, ಅಂದರೆ ದುಡ್ಡು ಕಟ್ಟಿ ಪುಸ್ತಕ ಎರವಲು ಒಯ್ಯುವ ಅಂಗಡಿಗಳು, ಊರೂರಿಗೂ ಬಂದಮೇಲೆ ಮನೆಗೆಲಸದವರೂ ಅಡುಗೆಯವರೂ ಕೆಲಸ ಬಿಟ್ಟು ಕಾದಂಬರಿ ಹಿಡಿದು ಕೂತರು ಅಂತ ಒಂದು ಮಾತಿದೆ. ಸಾಕ್ಷಿಗೆ ಆ ಕಾಲದ ವ್ಯಂಗ್ಯಚಿತ್ರಗಳನ್ನು ತೋರಿಸುತ್ತಾರೆ. ನನ್ನ ತಕರಾರು ಇಲ್ಲೇ. ವ್ಯಂಗ್ಯಚಿತ್ರವನ್ನು ಜನಗಣತಿ ಥರ ಓದಬಾರದು.

ಮೊದಲು ದುಡ್ಡಿನ ಲೆಕ್ಕ. 1790ರ ದಶಕದ ಲಂಡನ್ನಿನಲ್ಲಿ ಒಳ್ಳೆಯ ಲೈಬ್ರರಿಯ ವರ್ಷದ ಚಂದಾ ಸುಮಾರು ಒಂದು ಗಿನಿ, ಅಂದರೆ 21 ಶಿಲ್ಲಿಂಗ್. ಮನೆಗೆಲಸದವಳಿಗೆ ಊಟ, ವಸತಿ ಬಿಟ್ಟು ಕೈಗೆ ಬರುತ್ತಿದ್ದದ್ದು ವರ್ಷಕ್ಕೆ 6–8 ಪೌಂಡ್ ಆಸುಪಾಸು. ಪೌಂಡಿಗೆ 20 ಶಿಲ್ಲಿಂಗ್. ಚಂದಾ ಕಟ್ಟಬೇಕೆಂದರೆ ಒಂದೂವರೆ-ಎರಡು ತಿಂಗಳ ಸಂಬಳವೇ ಹೋಯಿತು! ಚಂದಾ ಇಲ್ಲದವರು ಬಿಡಿಯಾಗಿ ಒಂದೊಂದೇ ಸಂಪುಟ ಒಯ್ಯಬಹುದಿತ್ತು. ಬಾಡಿಗೆ ಚಿಲ್ಲರೆಯಷ್ಟೇ, ಆದರೆ ಮೊದಲು ಠೇವಣಿ ಇಡಬೇಕು.

ಹಾಗಾದರೆ ಲೈಬ್ರರಿಯ ಕೌಂಟರಿನ ಮುಂದೆ ಆ ಹುಡುಗಿ ಯಾಕೆ ಕಾಣುತ್ತಾಳೆ? ತಂದುಕೊಡುವ ಕೆಲಸ ಅವಳದ್ದು. ಲೈಬ್ರರಿಯವರು ಕೆಟಲಾಗ್ ಅಚ್ಚು ಹಾಕಿಸಿ ಪ್ರತಿ ಪುಸ್ತಕಕ್ಕೂ ನಂಬರ್ ಕೊಡುತ್ತಿದ್ದರು. ಯಜಮಾನಿ ಚೀಟಿಯಲ್ಲಿ ಬರೆಯುತ್ತಿದ್ದದ್ದು ಒಂದು ನಂಬರ್ ಅಲ್ಲ, ಹಲವು. ಹೊಸ ಕಾದಂಬರಿ ಯಾವಾಗಲೂ ಹೊರಗೇ ಹೋಗಿರುತ್ತಿತ್ತು. ಪಟ್ಟಿಯಲ್ಲಿ ಯಾವುದು ಒಳಗಿದೆಯೋ ಅದನ್ನು ಕೊಡುತ್ತಿದ್ದರು. ಮೂರು ಸಂಪುಟದ ಕಾದಂಬರಿಯಲ್ಲಿ ಒಂದು ಕಳೆದರೂ ಇಡೀ ಸೆಟ್ಟಿನ ಬೆಲೆ ಕಟ್ಟಬೇಕು. ಶೆರಿಡನ್ನನ 1775ರ 'ದಿ ರೈವಲ್ಸ್' ನಾಟಕದಲ್ಲಿ ಬಾತ್ ಊರಿನ ಲೈಬ್ರರಿಗಳನ್ನೆಲ್ಲ ಸುತ್ತಿ, ಮೇಲುಡುಪಿನೊಳಗೆ ಪುಸ್ತಕ ಬಚ್ಚಿಟ್ಟು ತರುವ ಲೂಸಿ ಇಂಥ ಹುಡುಗಿಯೇ. ಓದುವುದು ಅವಳ ಯಜಮಾನಿ ಲಿಡಿಯಾ. ದಾರಿಯಲ್ಲಿ ನಾಲ್ಕು ಪುಟ ತಿರುವಿಹಾಕಿದವರೂ ಇದ್ದಾರು, ಬೇಡವೆನ್ನುವುದಿಲ್ಲ. ಆದರೆ ಇಂಗ್ಲೆಂಡಿನ ಡಾವೆಂಟ್ರಿ ಊರಿನ ಸುತ್ತಮುತ್ತ ಅಂಗಡಿ ಇಟ್ಟಿದ್ದ ಕ್ಲೇ ಮನೆತನದ ಪುಸ್ತಕ ವ್ಯಾಪಾರದ ಖಾತೆಗಳು ಉಳಿದಿವೆ. ಅವುಗಳಲ್ಲಿ ಕಾದಂಬರಿ ಕೊಂಡ ಆಳುಕಾಳುಗಳು ಅಪರೂಪ. ಕಾದಂಬರಿಯ ಗಿರಾಕಿಗಳಲ್ಲಿ ಗಂಡಸರಂತೂ ಧಾರಾಳವಾಗಿ ಸಿಗುತ್ತಾರೆ. ಕಾದಂಬರಿ ಅಂದರೆ ಹೆಂಗಸರ ಹುಚ್ಚು ಅಂತ ನಕ್ಕವರು ಈ ಖಾತೆ ನೋಡಬೇಕಿತ್ತು.

ವ್ಯಂಗ್ಯಚಿತ್ರಕಾರ ಐಸಾಕ್ ಕ್ರುಕ್‌ಶಾಂಕ್ 19ನೇ ಶತಮಾನದ ಆರಂಭದಲ್ಲಿ ಬರೆದ ಒಂದು ಲೈಬ್ರರಿಯ ಚಿತ್ರ ಈಗ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿದೆ. ಅದರಲ್ಲಿ ಮುಖಗಳಿಗಿಂತ ಮೊದಲು ಕಪಾಟು ನೋಡಿ. ಪ್ರತಿ ಖಾನೆಗೂ ಹೆಸರಿದೆ: ಕಾದಂಬರಿ, ರೊಮಾನ್ಸ್ (ಅದ್ಭುತ-ಸಾಹಸದ ಕಥೆಗಳು), ಪ್ರವಚನ, ಕಥೆ, ಪ್ರವಾಸ, ನಾಟಕ. ಕಾದಂಬರಿ, ರೊಮಾನ್ಸ್‌ಗಳ ಖಾನೆ ಹೆಚ್ಚುಕಡಿಮೆ ಖಾಲಿ. ಪಾದ್ರಿಗಳ ಪ್ರವಚನದ ಖಾನೆ ಮಾತ್ರ ತುಂಬಿಕೊಂಡು ಕೂತಿದೆ. ಇಡೀ ಜೋಕು ಇರುವುದು ಆ ಖಾಲಿ ಜಾಗದಲ್ಲಿ.

ಇನ್ನು ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ. 1802ರ ಫೆಬ್ರವರಿ 1ರ ಅವನ ಚಿತ್ರದಲ್ಲಿ ಮೇಜಿನ ಮೇಲೆ ಮೇಣದಬತ್ತಿ, ಸುತ್ತ ನಾಲ್ವರು ಹೆಂಗಸರು. ಒಬ್ಬಳು 'ದಿ ಮಂಕ್' ಎಂಬ ಭಯಾನಕ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ಉಳಿದವರ ಜೀವ ಬಾಯಿಗೆ ಬಂದಿದೆ. ಉಡುಗೆ ತೊಡುಗೆ ನೋಡಿದರೆ ಎಲ್ಲರೂ ಉಳ್ಳವರ ಮನೆಯವರು. ಪ್ರಕಟಿಸಿದವಳು ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಹ್ಯಾನಾ ಹಂಫ್ರಿ. ಗಿರಾಕಿಗಳೂ ಅದೇ ವರ್ಗದವರು. ತಮ್ಮನ್ನೇ ಗೇಲಿ ಮಾಡಿದ ಚಿತ್ರವನ್ನು ಕಾಸು ಕೊಟ್ಟು ಕೊಂಡರು ಪುಣ್ಯಾತ್ಮರು!

ಇಂಥ ಚಿತ್ರ ಸಿಕ್ಕರೆ ಅಂಚಿನ ಸಣ್ಣ ಅಕ್ಷರ ಓದದೆ ಬಿಡಬೇಡಿ. 1735ರ ಕಾಯ್ದೆಯ ಪ್ರಕಾರ ಚಿತ್ರದ ಕೃತಿಸ್ವಾಮ್ಯ ಉಳಿಯಬೇಕಾದರೆ ಅಚ್ಚಿನ ತಗಡಿನ ಮೇಲೆ ಹಕ್ಕುದಾರರ ಹೆಸರು, ತಾರೀಖು ಕೆತ್ತಲೇಬೇಕಿತ್ತು. ಹಾಗಾಗಿ ದಿನದ ಸಮೇತ ಕಾಲ ಸಿಗುತ್ತದೆ, ವಿಳಾಸ ನೋಡಿದರೆ ಅಂಗಡಿ ಯಾವ ಬಡಾವಣೆಯದ್ದು ಅಂತಲೂ ಗೊತ್ತಾಗುತ್ತದೆ. ಕಾಗದದ ಅಂಚು ಕತ್ತರಿಸಿದ್ದರೆ ಈ ಸಾಲೇ ಹೋಗಿರುತ್ತದೆ. ಲಂಡನ್ನಿನ ಪಿಕಡಿಲಿ ಬೀದಿಯಲ್ಲಿದ್ದ ಫೋರ್ಸ್ ಎಂಬುವನ ಅಂಗಡಿಯ ಚಿತ್ರಗಳಲ್ಲಿ ಇನ್ನೊಂದು ಸಾಲೂ ಸಿಗುತ್ತದೆ: ವ್ಯಂಗ್ಯಚಿತ್ರಗಳ ಕಟ್ಟುಗಳನ್ನು ಸಂಜೆಯ ಮಟ್ಟಿಗೆ ಎರವಲು ಕೊಡಲಾಗುವುದು. ಎರವಲು ಪುಸ್ತಕ ಓದುವವರನ್ನು ನೋಡಿ ನಗಲು ಚಿತ್ರಗಳನ್ನೂ ಎರವಲೇ ತರುತ್ತಿದ್ದರು.