ಎಲ್ಲ ತಪ್ಪೂ ಕೋಡಿನದ್ದಲ್ಲ

‘ಸ್ಪರ್ಧೆ ಗೆಲ್ಲಿಸುವುದು ಕೋಡ್, ಉಳಿದದ್ದು ಬರೀ ನಟ್ಟು ಬೋಲ್ಟಿನ ಕೆಲಸ’ ಎಂದು ರೋಬೋಟ್ ಸ್ಪರ್ಧೆಗಳ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ಆಗುತ್ತಿಲ್ಲ. ಕಾಲೇಜಿನಲ್ಲಿದ್ದಾಗ ನಾನೂ ಇಂಥ ಒಂದು ತಂಡದಲ್ಲಿದ್ದೆ. ನಮ್ಮ ರೋಬೋಟ್ ಎದುರಾಳಿಯನ್ನು ತಳ್ಳಲು ಹೋದಾಗಲೆಲ್ಲ ಅದರೊಳಗಿನ ಕಂಟ್ರೋಲರ್ (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್) ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಎರಡು ದಿನ ಕೋಡ್ ಜಾಲಾಡಿದೆವು, ಪ್ರೋಗ್ರಾಮರ್ ಹುಡುಗಿಯನ್ನು ಸುಮ್ನೆ ಬೈದೆವು (ಪಾಪ, ಅವಳದ್ದೇನೂ ತಪ್ಪಿರಲಿಲ್ಲ). ಕೊನೆಗೆ ನೋಡಿದರೆ ಬ್ಯಾಟರಿ ಟರ್ಮಿನಲ್‌ನ ಒಂದು ಬೋಲ್ಟ್ ಸಡಿಲ!

ಲೆಕ್ಕ ಸರಳ. ಎದುರಾಳಿಯನ್ನು ತಳ್ಳುವಾಗ ಮೋಟಾರ್ ತಿರುಗದೆ ನಿಂತುಬಿಡಬಹುದು; ಹಾಗೆ ನಿಂತಾಗಲೇ ಅದು ಅತಿ ಜಾಸ್ತಿ ಕರೆಂಟ್ ಎಳೆಯುವುದು. ಸಡಿಲ ಜೋಡಣೆಯಲ್ಲಿ 0.03 ಓಮ್ ರೆಸಿಸ್ಟೆನ್ಸ್ ಇದ್ದು, 100 ಆಂಪಿಯರ್ ಹರಿದರೆ ಅಲ್ಲೇ 3 ವೋಲ್ಟ್ ಹೋಯಿತು. ಬ್ಯಾಟರಿಯೊಳಗಿನ ನಷ್ಟ ಬೇರೆ. ಬ್ಯಾಟರಿಯ 12 ವೋಲ್ಟಿನಲ್ಲಿ ಕಂಟ್ರೋಲರ್‌ಗೆ ಇನ್ನೆಷ್ಟು ಉಳಿಯಬೇಕು ಹೇಳಿ? ಸಾಲದೆ ಅದು ಆಫ್ ಆಗುತ್ತಿತ್ತು. ಸುಮ್ಮನೆ ನಿಂತಾಗ ಮೀಟರ್ ಇಟ್ಟರೆ ಎಲ್ಲ ಸರಿಯಾಗೇ ಕಾಣುತ್ತದೆ, ಅದೇ ತಮಾಷೆ. ಲೋಡ್ ಕೊಟ್ಟು, ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಿರುವಾಗ, ಅಳೆಯಬೇಕು.

ನಟ್ಟು ಬೋಲ್ಟಿನ ಕೆಲಸ ಎಂದು ನೀವು ಹಗುರವಾಗಿ ಹೇಳಿದ್ದು ಇದನ್ನೇ ಅಲ್ವಾ?

ಇನ್ನು ಡ್ರೈವರ್ (ಪಂದ್ಯದಲ್ಲಿ ರೋಬೋಟ್ ಓಡಿಸುವವರು) ಅಭ್ಯಾಸಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು. ನಾವು ರೋಬೋಟ್ ಜೋಡಣೆ ಮುಗಿಸಿದ್ದು ಸ್ಪರ್ಧೆಯ ಹಿಂದಿನ ರಾತ್ರಿ. ನಮ್ಮ ಡ್ರೈವರ್ ಪೂರ್ತಿ ರೋಬೋಟನ್ನು ಮೊದಲ ಸಲ ಓಡಿಸಿದ್ದು ಮೊದಲ ಪಂದ್ಯದಲ್ಲೇ. ನೇರ ಹೋಗಿ ಗೋಡೆಗೆ ಗುದ್ದಿದ.