ಗುಂಯ್ ಅನ್ನುವ ಗಿಟಾರು

ವೈರ್ ಚುಚ್ಚದ ಎಲೆಕ್ಟ್ರಿಕ್ ಗಿಟಾರಿನಷ್ಟು ಬಡಪಾಯಿ ವಾದ್ಯ ಇನ್ನೊಂದಿಲ್ಲ. ಹೊಟ್ಟೆ ಟೊಳ್ಳಿಲ್ಲ, ಗಟ್ಟಿ ಮರದ ಹಲಗೆ ಅಷ್ಟೆ. ಬಾರಿಸಿದರೆ ಪಕ್ಕದ ಕೋಣೆಗೂ ಕೇಳಿಸದು. ಬೆಳಗಾವಿಯ ಶಹಾಪುರದಲ್ಲಿ, ಗೋಡೆಗೆ ಗೋಡೆ ಹತ್ತಿದ ನಮ್ಮ ಓಣಿಯಲ್ಲಿ, ರಾತ್ರಿ ಹನ್ನೊಂದಕ್ಕೆ ನುಡಿಸಲು ಇದಕ್ಕಿಂತ ಸಭ್ಯ ವಾದ್ಯ ಯಾವುದಿದೆ ಹೇಳಿ?

ಮೊನ್ನೆ ಮೊನ್ನೆ ತಂದದ್ದು. ಸ್ಟ್ರ್ಯಾಟೊಕಾಸ್ಟರ್ ಮಾದರಿ, ಅಗ್ಗದ್ದು. ಅಸಲಿ ಬಂದದ್ದು 1954ರಲ್ಲಿ. ಅದನ್ನು ತಂದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವಂತೆ. ಪಕ್ಕದ ಮನೆಯ ಕಾಕಾಗೆ ಇದನ್ನು ಹೇಳಿದೆ. ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು. "ಚಲೋನ ಆತು ಬಿಡೋ. ಬಾರಿಸಾಕ ಬಂದಿದ್ರ ಬಾರಿಸ್ಕೋತ ಕುಂದರ್ತಿದ್ದ, ಮಾಡಾವ್ರು ಯಾರು?" ಅಂದರು.

ತಂತಿ ಉಕ್ಕಿನದು. ಕೆಳಗೆ ಪಿಕಪ್. ಅಂದರೆ ಪುಟ್ಟ ಅಯಸ್ಕಾಂತಗಳ ಸುತ್ತ ಕೂದಲಷ್ಟು ತೆಳ್ಳಗಿನ ತಾಮ್ರದ ತಂತಿ, ಸುಮಾರು 8,000 ಸುತ್ತು. ಮೇಲೆ ತಂತಿ ಅಲುಗಿದರೆ ಸುರುಳಿಯಲ್ಲಿ ಚೂರೇ ಚೂರು ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಸಂಗತಿ. ಎಸ್ಸೆಸ್ಸೆಲ್ಸಿಯಲ್ಲಿ ಉರು ಹೊಡೆದು ಬರೆದಿದ್ದೆ, ಈಗ ಬೆರಳಿಗೆ ತಿಳಿಯುತ್ತಿದೆ.

ವೈರ್ ಚುಚ್ಚಿಕೊಂಡು, ತಂತಿ ಒತ್ತಿಹಿಡಿದು ಹಾಗೇ ಮೇಲಕ್ಕೆ ದೂಡಿದರೆ ರಿಷಭ ಜಾರಿ ಗಾಂಧಾರ ಮುಟ್ಟುತ್ತದೆ. ಆಗ ಮಾತ್ರ ಗೋಡೆಯಾಚೆಯಿಂದ "ಹಾಂ, ಮೀಂಡ!" ಅಂತ ಕೇಳಿಸುತ್ತದೆ. ಸಿತಾರಿನಲ್ಲಾದರೆ ಒಂದೇ ಮೆಟ್ಟಿಲಲ್ಲಿ ನಾಲ್ಕು ಸ್ವರ ಎಳೆಯಬಹುದು. ನನ್ನದರಲ್ಲಿ ಒಂದು ಸ್ವರಕ್ಕೇ ಬೆರಳು ಕೆಂಪಗಾಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಮೋಜು ಅನಿಸುವುದು ಅದರ ಗುಂಯ್. ಪಿಕಪ್‌ಗೆ ತಂತಿ ಯಾವುದು, ಟ್ಯೂಬ್‌ಲೈಟ್ ಯಾವುದು ಅನ್ನುವ ಭೇದವಿಲ್ಲ. ಮನೆಯ ಕರೆಂಟನ್ನೂ ಹಿಡಿದು ಹಾಡಿಬಿಡುತ್ತದೆ. ತಂತಿ ಮೇಲೆ ಕೈಯಿಟ್ಟರೆ ಸ್ವಲ್ಪ ತಗ್ಗುತ್ತದೆ, ತೆಗೆದರೆ ಮತ್ತೆ ಶುರು. ಅತ್ತಿತ್ತ ತಿರುಗಿ ಕೂತರೂ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಮನೆಯಲ್ಲಿ ಅದು ತೀರಾ ಕಡಿಮೆ ಆಗುವುದು ಅಡುಗೆಮನೆ ಬಾಗಿಲಿಗೆ ಮುಖ ಮಾಡಿ ಕೂತಾಗ. ಹಂಗೇ ಕೂತಿದ್ದರೆ ಒಳಗಿನಿಂದ "ಯಾಕ್ರೀ, ಹಸಿವಿ ಆಗೇತೇನು?" ಅಂತ ಪ್ರಶ್ನೆ ಬರುತ್ತದೆ. ಹೌದು ಅಂದರೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬರುತ್ತದೆ, ಹಾಗಾಗಿ ವಿವರಿಸಲು ಹೋಗಿಲ್ಲ.

ಇದಕ್ಕೆ ಮದ್ದಿದೆ. ಹಂಬಕರ್ ಅಂತ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಮಾಡಿದ್ದು. ಎರಡು ಸುರುಳಿಗಳನ್ನು ಉಲ್ಟಾ ಜೋಡಿಸಿದರೆ ಗುಂಯ್ ಗುಂಯ್ಯನ್ನು ಹೊಡೆದುಹಾಕುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಅಂಗಡಿಯಲ್ಲಿ ಬಾರಿಸಿ ನೋಡಿದೆ. ದಪ್ಪ ದನಿ, ಒಳ್ಳೆಯ ನಡತೆ. ಆದರೆ ನನ್ನದರ ಆ ಚುರುಕು ಅದಕ್ಕಿಲ್ಲ ಬಿಡಿ.

ಕಾಕಾ ಒಂದಿನ ಬಂದು ಕೂತು, ಕಣ್ಣು ಮುಚ್ಚಿ ಗುಂಯ್ ಕೇಳಿದರು. "ಬಿಳಿ ಐದು. ಒಂಚೂರು ಏರೇತಿ" ಅಂದರು. ಪೇಟಿಯ ಐದನೇ ಬಿಳಿ ಮನೆಯ ಶ್ರುತಿ ಅಂತ. ಲೆಕ್ಕ ಹಾಕಿ ನೋಡಿದರೆ ಸರಿ! ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಅಲುಗುತ್ತದೆ. ಪೇಟಿಯ ಬಿಳಿ ಐದನ್ನು ಸಪ್ತಕ ಸಪ್ತಕವಾಗಿ ಕೆಳಗಿಳಿಸಿದರೆ ಸಿಗುವುದು 49. ಅಮೆರಿಕದಲ್ಲಿ 60, ಅಲ್ಲಿನವರ ಶ್ರುತಿ ಬೇರೆ. ಕಾಕಾಗೆ ಭಾರಿ ಖುಷಿ. ಶನಿವಾರದ ಭಜನೆಗೆ ಗಿಟಾರ್ ತಗೊಂಡು ಬಾ, ಸುಮ್ನೆ ಮೂಲೆಯಲ್ಲಿ ಗುಂಯ್ ಅನ್ನಿಸು, ತಂಬೂರಿ ಖರ್ಚು ಉಳೀತೈತಿ ಅಂದರು. ಆಮೇಲೆ ಬಾಗಿಲ ಹತ್ತಿರ ನಿಂತು, "ಅದಕ್ಕ ಮೊದಲು ಕರೆಂಟ್ ಆಫೀಸಿಗೆ ಹೋಗಿ ಒಂದೀಟು ಇಳಸಾಕ ಹೇಳು."