‘ಪೂರ್ತಿ ಬದಲಾವಣೆ’ ಅಂತೆ!

ಗ್ಯಾರೇಜಿನ ಬಿಲ್ಲಿನಲ್ಲಿ ಬರೆದಿರುವುದು ಒಂದೇ ಸಾಲು. ‘ಪೆಟ್ರೋಲ್ ಪೈಪುಗಳು, ಪೂರ್ತಿ ಬದಲಾವಣೆ.’ ಆ ‘ಪೂರ್ತಿ’ ಅನ್ನುವ ಪದ ಕಣ್ಣಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ.

ನನ್ನದು ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಮೂವತ್ತು ವರ್ಷ ದಾಟಿದೆ. ಎಂಜಿನ್ ಇರುವುದು ಬೆನ್ನ ಹಿಂದೆ, ಟ್ಯಾಂಕು ಸೀಟಿಗೂ ಎಂಜಿನ್ನಿಗೂ ನಡುವೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಮೂಗಿಗೆ ಪೆಟ್ರೋಲ್ ಹೊಡೆಯುತ್ತಿತ್ತು. ಗ್ಯಾರೇಜಿಗೆ ಕೊಟ್ಟೆ. ನಾಲ್ಕು ದಿನ ಅಂದವರು ಮೂರು ವಾರ ಇಟ್ಟುಕೊಂಡರು. ಅದು ಹೋಗಲಿ ಬಿಡಿ. ತಂದ ಎರಡನೇ ದಿನ ಮತ್ತೆ ಅದೇ ವಾಸನೆ. ಫೋನ್ ಮಾಡಿದರೆ ಏನು ಉತ್ತರ ಗೊತ್ತಾ? ‘ಹಳೇ ಗಾಡಿ ಅಲ್ವಾ ಸಾರ್, ಸ್ವಲ್ಪ ವಾಸನೆ ಇರೋದೇ.’

ಇರೋದೇ? ಪೆಟ್ರೋಲ್ ವಾಸನೆ ಬರುತ್ತಿದೆ ಅಂದರೆ ಪೆಟ್ರೋಲ್ ಹೊರಗೆ ಬರುತ್ತಿದೆ, ಅಷ್ಟೇ. ವಯಸ್ಸಾಯಿತು ಅಂತ ಸುಮ್ಮನಿರಲು ಇದೇನು ತಲೆಯ ಬಿಳಿ ಕೂದಲಾ? ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಆ ಆವಿ ಗಾಳಿಗಿಂತ ಭಾರ, ಮೇಲೆ ಹಾರಿ ಹೋಗುವುದಿಲ್ಲ, ತಗ್ಗಿನಲ್ಲಿ ಕೂತಿರುತ್ತದೆ. ಪಕ್ಕದಲ್ಲೇ ಕಾದ ಎಕ್ಸಾಸ್ಟು. ಇದರ ಮುಂದೆ ನಾನು ಕೂತು ಗಾಡಿ ಓಡಿಸಬೇಕು!

ಭಾನುವಾರ ನಾನೇ ಬಿಚ್ಚಲು ಕೂತೆ. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನೊಳಗಿನ ಪ್ರೆಶರ್ ಇಳಿಸಿದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ತೂರಿಕೊಂಡೆ.

ಎಂಜಿನ್ ಮುಚ್ಚಳ ಎತ್ತಿದರೆ ಕಾಣುವ ಎರಡು ಪೈಪು ಹೊಸದು. ನಿಜ. ಟ್ಯಾಂಕಿನ ಹತ್ತಿರ, ಕೈ ಹೋಗದ ಜಾಗದಲ್ಲಿ ಇನ್ನೂ ಮೂರು ಇದ್ದವು. ಟಾರ್ಚ್ ಬೆಳಕಿನಲ್ಲಿ ಅವೂ ಹೊಸದರ ಹಾಗೇ ಮಿಂಚುತ್ತಿದ್ದವು. ಅಯ್ಯೋ, ಸುಮ್ನೆ ಬೈದೆನಲ್ಲ ಅಂತ ಒಂದು ಕ್ಷಣ ಪಾಪ ಅನಿಸಿತು. ಬೆರಳಿಂದ ಸವರಿದೆ. ಜಿಡ್ಡು ಅಂಟಿತು. ಟಯರಿಗೆ ಹಚ್ಚುವ ಪಾಲಿಶ್! ಹಳೆಯ ಪೈಪಿಗೆ ಪಾಲಿಶ್ ಹೊಡೆದು ಕೊಟ್ಟಿದ್ದಾರೆ. ಸ್ವಲ್ಪ ಬಗ್ಗಿಸಿದೆ ಅಷ್ಟೇ, ಪೈಪನ್ನು ಬಿಗಿಹಿಡಿಯುವ ಕ್ಲಿಪ್ಪಿನ ಪಕ್ಕದಲ್ಲಿ ರಬ್ಬರು ಬಾಯಿ ಬಿಟ್ಟಿತು. ಒಳಗಿನ ದಾರದ ನೇಯ್ಗೆ ಕಾಣಿಸಿತು. ದಾರ ಒದ್ದೆ.

ಮೂರು ಪೈಪು ಬದಲಾಯಿಸದೆ ಪಾಲಿಶ್ ಹಚ್ಚಲು ಎಷ್ಟು ಹೊತ್ತು ಬೇಕಾಗಿರಬಹುದು? ಅಷ್ಟು ಸಂದಿಯಲ್ಲಿ ಕೈ ತೂರಿಸಿ ಸವರುವ ತಾಳ್ಮೆ ಇದ್ದವರಿಗೆ ಎರಡು ಕ್ಲಿಪ್ಪು ಸಡಿಲಿಸುವ ತಾಳ್ಮೆ ಇರಲಿಲ್ಲವಾ?

ಹಾಕಿದ ಎರಡು ಹೊಸ ಪೈಪಾದರೂ ಸರಿಯಾ ಅಂದರೆ ಅದೂ ಇಲ್ಲ. ಮೈಮೇಲೆ ‘ಎಸ್‌ಎಇ 30ಆರ್7’ ಅಂತ ಅಚ್ಚು. ಪೈಪಿನ ದರ್ಜೆ ಅದು: ಕಾರ್ಬುರೇಟರ್, ಅಂದರೆ ಗಾಳಿಯ ಎಳೆತದಲ್ಲೇ ಪೆಟ್ರೋಲ್ ಬೆರೆಸುವ ಹಳೆಯ ಬಗೆಯ ಗಾಡಿಗೆ ಹಾಕುವ ಪೈಪು. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲಿನ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ. ನನ್ನದು ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಗಾಡಿ, 3 ಬಾರ್ ಹತ್ತಿರ. ಇದಕ್ಕೆ ಬೇಕಾದ್ದು 30ಆರ್9. ಅದರ ಒಳಪದರದ ರಬ್ಬರೇ ಬೇರೆ, ಎಥೆನಾಲ್ ಬೆರೆತ ಪೆಟ್ರೋಲನ್ನೂ ತಡೆದುಕೊಳ್ಳುತ್ತದೆ. ಪೈಪಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ಓದಲು ಎಂಜಿನಿಯರ್ ಆಗಬೇಕಾ?

ಕ್ಲಿಪ್ಪಿನ ಕಥೆ ಇನ್ನೊಂದು. ಪಟ್ಟಿಯಲ್ಲಿ ಉದ್ದಕ್ಕೂ ಸೀಳಿರುವ ಕ್ಲಿಪ್ಪು ಹಾಕಿ, ಸ್ಕ್ರೂಡ್ರೈವರಿನಲ್ಲಿ ಜೀವ ಹೋಗುವಷ್ಟು ಬಿಗಿದಿದ್ದಾರೆ. ಹೊಸ ರಬ್ಬರು ಆ ಸೀಳುಗಳಲ್ಲಿ ಉಬ್ಬಿ ಬಂದು, ತುರಿಮಣೆಗೆ ಸಿಕ್ಕಿದ ಹಾಗೆ ತರಚಿಹೋಗಿದೆ. ಒಳಗೆ ನುಣುಪಾಗಿರುವ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪು ಅಂತಲೇ ಸಿಗುತ್ತದಲ್ಲ!

ಫೋಟೋ ತೆಗೆದು ಕಳಿಸಿದೆ. ಆ ಕಡೆಯಿಂದ ಬಂದ ಉತ್ತರ: ‘ಅದು ರಿಟರ್ನ್ ಪೈಪು ಸಾರ್, ಅದ್ರಲ್ಲಿ ಪ್ರೆಶರ್ ಇರಲ್ಲ.’ ಪ್ರೆಶರ್ ಕಮ್ಮಿ ಅಂತ ಒಳಗೆ ಹರಿಯುವುದು ನೀರಾಗುತ್ತಾ? ಅದೂ ಮೂರರಲ್ಲಿ ರಿಟರ್ನ್ ಪೈಪು, ಅಂದರೆ ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವುದು, ಒಂದೇ. ಒಂದು ಟ್ಯಾಂಕಿನಿಂದ ಪಂಪಿಗೆ ಹೋಗುವುದು, ಇನ್ನೊಂದು ಆವಿ ಹೋಗುವುದು. ಅವೆರಡರ ಬಗ್ಗೆ ಕೇಳಿದ್ದಕ್ಕೆ ಇವತ್ತಿನವರೆಗೆ ಉತ್ತರವಿಲ್ಲ.

ಎರಡು ಭಾನುವಾರ ಹೋಯಿತು ನನಗೆ. ಹಳೆಯ ಪೈಪು ಎಳೆದರೆ ಬರುವುದಿಲ್ಲ, ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸಿಪ್ಪೆಯ ಹಾಗೆ ಸುಲಿಯಬೇಕು. ಬ್ಲೇಡು ಪೈಪು ಕೂರುವ ಒಳಗಿನ ಕಬ್ಬಿಣದ ಮೂತಿಗೆ ತಾಗಿ ಗೀರು ಬಿದ್ದರೆ ಹೊಸ ಪೈಪೂ ಸೋರುತ್ತದೆ. ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಂಡು, ಮೊಣಕೈ ತಿರುಗದ ಜಾಗದಲ್ಲಿ ಇದನ್ನು ಮಾಡಬೇಕು. ಗ್ಯಾರೇಜಿನವರು ಯಾಕೆ ಕೈ ಹಾಕಲಿಲ್ಲ ಅನ್ನುವುದು ನನಗೆ ಚೆನ್ನಾಗಿ ಅರ್ಥವಾಯಿತು. ಕಷ್ಟ ಅಂತ ಹೇಳಿದ್ದರೆ ಜಾಸ್ತಿ ದುಡ್ಡು ಕೊಡುತ್ತಿದ್ದೆ. ಆಗಲ್ಲ ಅಂದಿದ್ದರೂ ಬೇಜಾರಿರಲಿಲ್ಲ.

ಈಗ ಐದೂ ಪೈಪು ಹೊಸದು. ಶೆಡ್ಡಿನಲ್ಲಿ ವಾಸನೆ ಇಲ್ಲ. ಹಳೆಯ ಗಾಡಿಯೇ, ಆದರೂ ಇಲ್ಲ!

ಸುಲಿದ ಮೂರು ತುಂಡುಗಳನ್ನು ಕವರಿನಲ್ಲಿ ಕಟ್ಟಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಬಿಲ್ಲಿನ ಜೊತೆ ಅವರ ಮೇಜಿನ ಮೇಲೆ ಸುರಿಯುತ್ತೇನೆ. ಪಾಲಿಶ್ ಇನ್ನೂ ಮಿಂಚುತ್ತಿದೆ.